ತಾತನಿಗೆ ಒಂದೂವರೆ ಮನೆ

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಹೋದ ಸಲ ಗಣಪತಿ ಬಿಡುವ ದಿನ ಡಿ.ಜೆ. ಗಾಡಿ ನಮ್ಮ ಬೀದಿಗೆ ಬಂದಾಗ ಅಡುಗೆಮನೆಯ ಲೋಟಗಳು ತಾವೇ ಸರಿದಾಡಿದವು. ಕುಣಿದು ಬೆವೆತು ಬಂದ ಮೊಮ್ಮಗನನ್ನು ಗದರಿಸಿದೆ.

"ಅದೂ ಒಂದು ಸಂಗೀತವೇನೋ? ಗುಂಡಿ ಒತ್ತಿ ಕೂತ್ಕೊಳ್ಳೋದು!"

ಏಳನೇ ಕ್ಲಾಸಿನ ಹುಡುಗ, ಸುಮ್ಮನಿರುತ್ತಾನೆಯೇ? "ನಿಮ್ಮ ಕುರುಕ್ಷೇತ್ರ ನಾಟಕದಲ್ಲೂ ಕೀಬೋರ್ಡು, ಪ್ಯಾಡು ಎಲ್ಲ ಕರೆಂಟಲ್ಲೇ ತಾನೆ ತಾತ? ಅಲ್ಲೂ ಗುಂಡಿ ಒತ್ತೋದೇ ಅಲ್ವಾ?"

ಉತ್ತರ ಹೊಳೆಯಲಿಲ್ಲ. ನಾನು ಮೊದಲು ಬಣ್ಣ ಹಚ್ಚಿದಾಗ ಹಾರ್ಮೋನಿಯಂ, ತಬಲ ಇದ್ದವು. ಈಗ ಕೀಬೋರ್ಡಿನ ಪಕ್ಕ ರಿದಮ್ ಪ್ಯಾಡು. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಎಂಟು ಚೌಕದ ಆಕ್ಟಾಪ್ಯಾಡ್ ಹೊರತಂದಿತ್ತು, ಅಂಥದ್ದೇ ಹಲಗೆ. ಕೋಲಿನಿಂದ ಒಂದು ಚೌಕ ಬಡಿದರೆ ತಬಲ, ಇನ್ನೊಂದಕ್ಕೆ ತಮಟೆ, ಮತ್ತೊಂದಕ್ಕೆ ಭೀಮನ ಗದೆಯ ಏಟು.

ಡಿ.ಜೆ. ಹಾಕುವ ಹುಡುಗ ನನ್ನ ಹಳೆಯ ಶಿಷ್ಯ. ಅವನನ್ನೇ ಕೇಳಿದೆ. "ಸುಮ್ನೆ ಕೂರೋದಲ್ಲ ಮೇಷ್ಟ್ರೇ. ನಿಮಿಷಕ್ಕೆ ಎಷ್ಟು ಏಟು ಅಂತ ಲೆಕ್ಕ ಹಾಕಿ ಒಂದು ಹಾಡಿನ ವೇಗಕ್ಕೆ ಇನ್ನೊಂದನ್ನ ಹೊಂದಿಸ್ಬೇಕು. ತಪ್ಪಿದ್ರೆ ಕುಣಿಯೋರ ಕಾಲೂ ತಪ್ತದೆ. ಅವರು ಸುಸ್ತಾದ್ರೆ ಹಾಡು ಬದಲಾಯಿಸ್ಬೇಕು" ಎಂದ. ನನ್ನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡೆ. ಲೋಟದ ವಿಷಯ ಮಾತ್ರ ಬಿಡಲಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೇ ಇದೆ ಎಂದೂ ನೆನಪಿಸಿದೆ. ತಲೆ ಕೆರೆದುಕೊಂಡ.

ಆಮೇಲೆ ಮಂಡ್ಯದ ಕಲಾಮಂದಿರದಲ್ಲಿ ನಮ್ಮೂರ ತಂಡದ ಕುರುಕ್ಷೇತ್ರ ಗೊತ್ತಾಯಿತು. ನನ್ನದು ಕೃಷ್ಣ. ಎರಡು ದಿನದಿಂದ ನೆಗಡಿ, ವಯಸ್ಸು ಅರವತ್ತೆಂಟು. ಇದೇ ಕೊನೆಯ ಪಾತ್ರ ಎಂದು ಮನೆಯಲ್ಲಿ ಹೇಳಿಯೇ ಹೊರಟಿದ್ದೆ. ಮೊಮ್ಮಗ ಪ್ಯಾಡಿನವರ ಪಕ್ಕ ಜಾಗ ಹಿಡಿದು ಕೂತಿದ್ದ.

ಸಂಧಾನದ ಹಾಡು. ನನ್ನ ಶ್ರುತಿ ಮೊದಲಿನಿಂದಲೂ ಎರಡೂವರೆ ಮನೆ. (ಮಕ್ಕಳೇ, ಈ 'ಮನೆ' ವಾಸದ ಮನೆಯಲ್ಲ, ಹಾರ್ಮೋನಿಯಂ ಪಟ್ಟಿಯ ಲೆಕ್ಕ.) ಪಲ್ಲವಿ ದಾಟಿತು. ಮೇಲಿನ ಸ್ವರಕ್ಕೆ ಹೋದವನಿಗೆ ಗಂಟಲು ಒಡೆದು ಕೆಮ್ಮು ಬಂತು. ಕೊಳಲು ಹಿಡಿದ ಕೈ ನಡುಗಿತು.

ಕೀಬೋರ್ಡ್ ಮೇಷ್ಟ್ರು ತಲೆ ಎತ್ತಲಿಲ್ಲ. ಸಣ್ಣದೊಂದು ಗುಂಡಿಯನ್ನು ಎರಡು ಸಲ ಒತ್ತಿದರು. ಒಂದು ಸಲಕ್ಕೆ ಅರ್ಧ ಮನೆಯಂತೆ ಶ್ರುತಿ ಒಂದೂವರೆಗೆ ಇಳಿಯಿತು. ನಿಲ್ಲಬೇಕಾಗಿದ್ದ ತಾಳವನ್ನು ಪ್ಯಾಡಿನವರು ಮತ್ತೆರಡು ಆವರ್ತ ಸುತ್ತಿಸಿದರು, ನಾನು ಉಗುಳು ನುಂಗುವವರೆಗೂ. ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನಾನು ಎತ್ತಿಕೊಂಡೆ, ಅವರು ಇಳಿಸಿಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು! ಕೃಷ್ಣ ಬೇಕೆಂದೇ ತಡೆದು ಹಾಡಿದನೆಂದು ತಿಳಿದರೋ ಏನೋ.

ಬೆಳಗಿನ ಜಾವ ವ್ಯಾನಿನಲ್ಲಿ ಬರುವಾಗ ಮೊಮ್ಮಗ ನಿದ್ದೆಗಣ್ಣಲ್ಲೇ ಹೇಳಿದ: "ಡಿ.ಜೆ.ಲೂ ಹಾಡಿನ ಶ್ರುತಿ ಇಳಿಸ್ಬಹುದು ತಾತ. ಆದ್ರೆ ಅದರಲ್ಲಿ ಹಾಡಿರೋರಿಗೆ ಕೆಮ್ಮೇ ಬರಲ್ಲ."

ಎರಡು ದಿನ ಬಿಟ್ಟು ನಾಟಕದ ಪುಸ್ತಕವನ್ನು ಟ್ರಂಕಿಗೆ ಹಾಕಲು ತೆಗೆದೆ. ಕೃಷ್ಣನ ಹಾಡಿನ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ತಾತನಿಗೆ ಒಂದೂವರೆ ಮನೆ.' ಪುಸ್ತಕ ಇನ್ನೂ ಮೇಜಿನ ಮೇಲೇ ಇದೆ.