ಬಳಪ ತಿನ್ನುವ ಹುಡುಗಿ

ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಭೇಟಿ ನೀಡಿದ್ದೆ. ಎರಡನೇ ತರಗತಿಯ ಹುಡುಗಿಯೊಬ್ಬಳ ತುಟಿಗೆಲ್ಲಾ ಬಳಪದ ಪುಡಿ ಮೆತ್ತಿತ್ತು. "ದಿನಾ ತಿಂತಾಳೆ ಸಾರ್, ಎಷ್ಟು ಹೇಳಿದ್ರೂ ಕೇಳಲ್ಲ" ಎಂದರು ಟೀಚರ್. "ಹೊಟ್ಟೇಲಿ ಬಳಪದ ಗಿಡ ಹುಟ್ಟುತ್ತೆ ನೋಡು" ಎಂದು ನಾನೂ ಗದರಿದೆ. ಮಕ್ಕಳೆಲ್ಲಾ ನಕ್ಕರು. ಅವಳು ತಲೆ ತಗ್ಗಿಸಿದಳು.

ಮಧ್ಯಾಹ್ನ ಎಲ್ಲರೂ ಆಟಕ್ಕೆ ಓಡಿದರೂ ಅವಳು ಜಗಲಿಯಲ್ಲೇ ಕುಳಿತಿದ್ದಳು. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ತಾಯಿಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 8.2 ಗ್ರಾಂ! ಆ ವಯಸ್ಸಿಗೆ ಕನಿಷ್ಠ 11.5 ಗ್ರಾಂ ಇರಬೇಕು.

ಆಹಾರವಲ್ಲದ್ದನ್ನು ತಿನ್ನುವ ಈ ಹಂಬಲಕ್ಕೆ 'ಪೈಕಾ' ಎಂದು ಹೆಸರು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಇದು ಹೆಚ್ಚು. ಬಳಪ ತಿಂದರೆ ಆ ಕೊರತೆ ನೀಗದು. ಮಣ್ಣು ತಿಂದರಂತೂ ಜಂತುಹುಳುವಿನ ಮೊಟ್ಟೆಗಳೂ ಹೊಟ್ಟೆ ಸೇರಬಹುದು.

ವೈದ್ಯರು ಕಬ್ಬಿಣಾಂಶದ ಔಷಧಿ, ಜಂತುಹುಳುವಿನ ಮಾತ್ರೆ ಕೊಟ್ಟರು. ಮೂರು ತಿಂಗಳ ನಂತರ ಹೋದಾಗ ಅವಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಸ್ಲೇಟಿನ ಪಕ್ಕ ಬಳಪ ಇಡಿಯಾಗಿತ್ತು.

ಶಿಕ್ಷಕ ಮಿತ್ರರೇ, ಅಂದು ನಾನು ಮೊದಲು ಗದರಿದೆ, ಆಮೇಲೆ ಕಣ್ಣು ನೋಡಿದೆ. ನೀವು ಮೊದಲು ಕಣ್ಣು ನೋಡಿ.