ಹೊತ್ತಿನ ಊಟ: ಮಕ್ಕಳಿರುವ ಮನೆಯ ಅಹಿಂಸೆ

ಗೃಹಸ್ಥಧರ್ಮದ ವಿಚಾರ ಬಂದಾಗ ನಮ್ಮಲ್ಲಿ ಪೂಜೆ, ದಾನ, ಸ್ವಾಧ್ಯಾಯಗಳ ಮಾತು ಮೊದಲು ಬರುತ್ತದೆ. ಅಡುಗೆಮನೆಯ ಮಾತು ಬಂದರೂ ಯಾವುದು ಭಕ್ಷ್ಯ, ಯಾವುದು ಅಭಕ್ಷ್ಯ ಎಂಬಲ್ಲಿಗೆ ಅದು ಮುಗಿಯುತ್ತದೆ. ಆ ಭಕ್ಷ್ಯವನ್ನು ಯಾರು ಬೇಯಿಸುತ್ತಾರೆ, ಎಷ್ಟು ಹೊತ್ತಿಗೆ ಎದ್ದು ಬೇಯಿಸುತ್ತಾರೆ, ಸೊಂಟದ ಮೇಲೊಂದು ಮಗು, ಕಾಲ ಬಳಿ ಇನ್ನೊಂದು ಮಗು ಇದ್ದಾಗ ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಇದೂ ಧರ್ಮದ ಪ್ರಶ್ನೆಯೇ ಎಂಬ ನಂಬಿಕೆಯಿಂದ ನಮ್ಮ ಮನೆಯ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ಪಶ್ಚಿಮದಂಚಿನ ಉಲ್ಲಾಳದಲ್ಲಿ. ಹೆಸರು ಕೇಳಿದೊಡನೆ ನಮ್ಮ ಸಮಾಜದ ಹಲವರು ಚೌಟರ ರಾಣಿ ಅಬ್ಬಕ್ಕನ ಊರನ್ನು ನೆನೆಯುತ್ತಾರೆ. ಅದು ಮಂಗಳೂರಿನ ಬಳಿ, ಕಡಲ ತೀರದ ಉಳ್ಳಾಲ. ನಮ್ಮದು ಜ್ಞಾನಭಾರತಿಗೂ ಕೆಂಗೇರಿಗೂ ಸಮೀಪದಲ್ಲಿರುವ, ಒಂದು ಕಾಲದ ಹಳ್ಳಿ, ಇಂದಿನ ಬಡಾವಣೆ. ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಉಪಾಧ್ಯಾಯರಾಗಿದ್ದ ನನ್ನ ಯಜಮಾನರು ನಿವೃತ್ತರಾದ ಮೇಲೆ, ಮೊಮ್ಮಗಳು ಹುಟ್ಟಿದ ವರ್ಷ, ನಾವಿಬ್ಬರೂ ಮಗನ ಮನೆಗೆ ಬಂದೆವು. ಈಗ ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಎರಡು. ಮಗ ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಸೊಸೆಯ ಕಚೇರಿ ನಗರದ ಮತ್ತೊಂದು ತುದಿಯಾದ ವೈಟ್‌ಫೀಲ್ಡ್ ಕಡೆ. 2023ರ ಅಕ್ಟೋಬರ್ 9ರಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ 43.49 ಕಿಲೋಮೀಟರಿನ ಮೆಟ್ರೊ ನೇರಳೆ ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಆಕೆಯ ಪಯಣ ಸುಗಮವಾಯಿತೆಂಬುದು ನಿಜ. ಆದರೂ ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದೂವರೆ ಗಂಟೆಗೆ ಕಡಿಮೆಯಿಲ್ಲ.

ನಮ್ಮದು ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ಮನೆತನ. ಹಳ್ಳಿಯಲ್ಲಿ ಇದು ಕಷ್ಟದ ನಿಯಮವಾಗಿರಲಿಲ್ಲ. ಹೊಲದಿಂದ ಬಂದವರು ಕೈಕಾಲು ತೊಳೆದು, ಬೆಳಕಿರುವಾಗಲೇ ಮುದ್ದೆ ಸಾರು ಉಂಡು, ದೀಪ ಹಚ್ಚುವ ಹೊತ್ತಿಗೆ ಜಗುಲಿಯಲ್ಲಿರುತ್ತಿದ್ದರು. ನಗರದ ಗಡಿಯಾರ ಬೇರೆ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯ ಸುಮಾರಿಗೆ ಸೂರ್ಯಾಸ್ತ ಸಂಜೆ 5 ಗಂಟೆ 50 ನಿಮಿಷದ ಆಸುಪಾಸು. ಜುಲೈ ಮೊದಲ ವಾರದಲ್ಲಿ ಅದು ಸುಮಾರು 6 ಗಂಟೆ 50 ನಿಮಿಷಕ್ಕೆ ಸರಿಯುತ್ತದೆ. ಅಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕೆಂಬ ಹಿರಿಯರ ಕ್ರಮವನ್ನು ಹಿಡಿದರೆ ಚಳಿಗಾಲದಲ್ಲಿ ಐದು ಗಂಟೆಗೇ ಕೈ ತೊಳೆಯಬೇಕು. ಐದು ಗಂಟೆಗೆ ಸೊಸೆ ಇನ್ನೂ ಕಚೇರಿಯಲ್ಲಿರುತ್ತಾಳೆ. ಮನೆ ತಲುಪುವಾಗ ಏಳೂವರೆ.

ಎರಡು ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದುರಾಯಿತು. ಸೊಸೆ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಎರಡು ತಿಂಗಳಾಗಿತ್ತು. ಅಂದು ಸಭೆಯ ಮೇಲೆ ಸಭೆ ನಡೆದು, ಸಂಜೆಗೆಂದು ಒಯ್ದಿದ್ದ ಡಬ್ಬಿಯನ್ನು ತೆರೆಯಲು ಆಕೆಗೆ ಬಿಡುವಾಗಿರಲಿಲ್ಲ. ಮಳೆಯಲ್ಲಿ ನೆನೆದು ಎಂಟು ಗಂಟೆಗೆ ಮನೆಗೆ ಬಂದಳು. ಕೂಸಿಗೆ ಹಾಲೂಡಿಸಿ ಎದ್ದಾಗ ತಲೆ ಸುತ್ತಿ ಗೋಡೆ ಹಿಡಿದಳು. ನಾನು ತಟ್ಟೆ ಹಾಕಿದೆ. ಆಕೆ ಗಡಿಯಾರ ನೋಡಿ, “ಬೇಡ ಅತ್ತೆ, ನಾಳೆ ಬೆಳಿಗ್ಗೆ ಉಣ್ಣುತ್ತೇನೆ” ಎಂದು ನೀರನ್ನಷ್ಟೇ ಕೇಳಿದಳು. ನನ್ನ ಯಜಮಾನರು ಅಲ್ಲೇ ಕುಳಿತಿದ್ದರು. “ತಾಯೀ, ನಿನ್ನ ನಿಯಮಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ಇದು ನಿನ್ನೊಬ್ಬಳ ಉಪವಾಸವಲ್ಲ, ನಿನ್ನ ಹಾಲು ಕುಡಿಯುವ ಕೂಸಿನದೂ ಹೌದು. ನಿರ್ಧಾರ ನಿನ್ನದು, ಈ ಮನೆಯಲ್ಲಿ ಯಾರೂ ನಿನ್ನನ್ನು ಕೇಳುವುದಿಲ್ಲ” ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಊಟ ಮಾಡಿದಳು. ಊಟ ಮಾಡುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದು ನಿಯಮ ತಪ್ಪಿದ ದುಃಖವೋ, ಹಸಿವು ತಣಿದ ನೆಮ್ಮದಿಯೋ ಎಂದು ನಾನು ಕೇಳಲಿಲ್ಲ.

ಮರುದಿನ ಯಜಮಾನರು ಕಪಾಟಿನಿಂದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆಗೆದರು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ರಾತ್ರಿಭುಕ್ತಿವಿರತಿಯನ್ನು ಆಚಾರ್ಯರು ಆರನೆಯದಾಗಿ ಇಟ್ಟಿದ್ದಾರೆ. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕು ಬಗೆಯ ಆಹಾರವನ್ನೂ ರಾತ್ರಿಯಲ್ಲಿ ಬಿಡುವುದು ಹಂತಹಂತವಾಗಿ ಏರಿ ತಲುಪುವ ಮೆಟ್ಟಿಲೆಂಬ ಭಾವ ಅಲ್ಲಿದೆ. ಮುಂದಿನ ಆಚಾರ್ಯರಲ್ಲಿ ಕೆಲವರು ಇದನ್ನು ಇನ್ನೂ ಆರಂಭದಲ್ಲೇ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ರೂಢಿಗೆ ಬಂದದ್ದು ಆ ಕ್ರಮ. ಆದರೆ ಆ ದಿನ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅದೇ ಗ್ರಂಥದ ಬೇರೊಂದು ಕಡೆ, ಅಹಿಂಸಾಣುವ್ರತದ ಅತಿಚಾರಗಳ ಪಟ್ಟಿ. ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣ ಎಂಬ ಐದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಇವೇ ಐದು ಸ್ವಲ್ಪ ಬೇರೆ ಮಾತುಗಳಲ್ಲಿ ಬರುತ್ತವೆ.

ಹೊರಲಾರದಷ್ಟು ಭಾರ ಹೇರುವುದು ಅತಿಭಾರಾರೋಪಣ. ಅಧೀನದಲ್ಲಿರುವ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನಪಾನ ಕೊಡದಿರುವುದು ಆಹಾರವಾರಣ. ಇವೆರಡನ್ನೂ ವಿವರಿಸುವಾಗ ನಾವು ಎತ್ತು, ಕುದುರೆ, ಆಳುಕಾಳುಗಳ ಉದಾಹರಣೆ ಕೊಡುವುದು ವಾಡಿಕೆ. ಮನೆಯ ಸೊಸೆಯ ಉದಾಹರಣೆಯನ್ನು ಯಾರೂ ಕೊಟ್ಟದ್ದನ್ನು ನಾನು ಕೇಳಿಲ್ಲ. ಒಂದು ಜೀವಿಯ ರಕ್ಷಣೆಗೆಂದು ಇರುವ ನಿಯಮವನ್ನು ಇನ್ನೊಂದು ಜೀವದ ಬೆನ್ನಿನ ಮೇಲೆ ಹೊರಿಸಿ ಪಾಲಿಸಿದರೆ ಅಹಿಂಸೆಯ ಲೆಕ್ಕ ಸರಿಹೋಗುವುದೆ?

ಆ ಭಾನುವಾರ ನಾಲ್ವರೂ ಕುಳಿತು ಒಂದು ಹಾಳೆಯಲ್ಲಿ ಮನೆಯ ಕೆಲಸಗಳನ್ನು ಗಂಟೆಗಳ ಪ್ರಕಾರ ಬರೆದೆವು. ಸೊಸೆ ನಾಲ್ಕೂವರೆಗೆ ಏಳುತ್ತಿದ್ದಳು. ಎಂಟಕ್ಕೆ ಮನೆ ಬಿಡುವವರೆಗೆ ಮೂರೂವರೆ ಗಂಟೆ. ಏಳೂವರೆಗೆ ಮರಳಿ ಹತ್ತೂವರೆಯವರೆಗೆ ಮೂರು ಗಂಟೆ. ಒಟ್ಟು ಆರೂವರೆ ಗಂಟೆ, ಅದೂ ಕಚೇರಿಯ ದುಡಿಮೆಯನ್ನು ಬಿಟ್ಟು. ಮಗನ ಹೆಸರಿನ ಮುಂದೆ ನಲವತ್ತು ನಿಮಿಷ ದಾಟಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಗಂಡಸರು 97 ನಿಮಿಷ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಐದು ವರ್ಷಗಳಲ್ಲಿ ಇಬ್ಬರ ದುಡಿಮೆಯೂ ತುಸು ಇಳಿದಿದೆ. ನಡುವಿನ ಅಂತರ ಹಾಗೆಯೇ ಇದೆ.

ಹಾಳೆಯನ್ನು ನೋಡಿದ ಮೇಲೆ ಮಾಡಿಕೊಂಡ ಏರ್ಪಾಡು ಹೀಗಿದೆ. ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುವ ಊಟ ಈಗ ಬೆಳಗಿನದು. ಏಳು ಗಂಟೆಗೆ ಆರು ಜನರೂ ನೆಲದ ಮೇಲೆ ಕೂರುತ್ತೇವೆ. ತಿಂಡಿಯೆಂಬ ಹೆಸರಿಲ್ಲ, ಅನ್ನ, ಬೇಳೆ ಸಾರು, ಬಾಳೆಕಾಯಿಯ ಅಥವಾ ಹೀರೆಕಾಯಿಯ ಪಲ್ಯ, ಮಜ್ಜಿಗೆಯ ಪೂರ್ಣ ಊಟ. ತರಕಾರಿ ಹೆಚ್ಚುವುದು, ನೀರು ಸೋಸಿ ಕಾಯಿಸಿ ಇಡುವುದು, ಡಬ್ಬಿಗಳನ್ನು ತುಂಬುವುದು ಮಗನ ಕೆಲಸ. ಮಗ ಸೊಸೆ ಇಬ್ಬರೂ ಸಂಜೆಗೆ ಬೇರೆ ಡಬ್ಬಿ ಒಯ್ಯುತ್ತಾರೆ. ಬೆಳಿಗ್ಗೆ ಮಾಡಿದ್ದು ಸಂಜೆಗೆ ಹಳಸಬಾರದಾದ್ದರಿಂದ ಅದರಲ್ಲಿ ಚಪಾತಿ, ಒಣ ಪಲ್ಯ, ಹುರಿಗಡಲೆ, ಹಣ್ಣು. ಐದು ಗಂಟೆಗೆ ಕಾಲು ಗಂಟೆ ಬಿಡುವನ್ನು ಸೊಸೆ ತನ್ನ ಮೇಲಧಿಕಾರಿಯ ಬಳಿ ಕೇಳಿ ಪಡೆದಳು. ಚಹಾಕ್ಕೆ ಎಲ್ಲರೂ ಏಳುವ ಹೊತ್ತೇ ಅದಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕೇಳುವವರೆಗೆ ಅದು ಅಸಾಧ್ಯವೆಂದೇ ನಾವೆಲ್ಲ ತಿಳಿದಿದ್ದೆವು.

ಹಿಟ್ಟಿನ ಕೆಲಸ ನನ್ನ ಯಜಮಾನರದು. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಮರ್ಯಾದೆಯುಂಟಲ್ಲ, ಅದಕ್ಕೆ ತಕ್ಕಂತೆ ಕಾಳು ಆರಿಸಿ ಗಿರಣಿಗೆ ಒಯ್ಯುತ್ತಾರೆ. ಮೂರೂವರೆಗೆ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದೂ ಅವರೇ. ನಾನು ನಾಲ್ಕೂಮುಕ್ಕಾಲರೊಳಗೆ ಸಂಜೆಯ ಅಡುಗೆ ಮುಗಿಸುತ್ತೇನೆ. ಮಕ್ಕಳಿಬ್ಬರೂ ಐದಕ್ಕೆ ತಟ್ಟೆಯ ಮುಂದೆ. ಚಿಕ್ಕವನಿಗೆ ರಾಗಿ ಸರಿ ಅಥವಾ ಹೆಸರುಬೇಳೆಯ ಹುಗ್ಗಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಸುಣ್ಣದ ಅಂಶವಿದೆಯೆಂಬುದನ್ನು ಇಂದಿನ ಆಹಾರತಜ್ಞರು ಹೇಳುತ್ತಾರೆ. ನಮ್ಮ ಅಜ್ಜಿಯರು ಅಳತೆ ಹೇಳದೆ ಅದನ್ನೇ ಉಣಿಸಿದರು.

ಇನ್ನು ಎಳೆಯ ಮಕ್ಕಳ ರಾತ್ರಿಯ ಹಸಿವು. ಈ ವಿಷಯದಲ್ಲಿ ಅನೇಕ ಯುವ ತಾಯಂದಿರು ಅಂಜುತ್ತಾ ಕೇಳುವುದನ್ನು ಬಸದಿಯ ಆವರಣದಲ್ಲಿ ನೋಡಿದ್ದೇನೆ. ಹುಟ್ಟಿದ ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಆ ಬಳಿಕ ಬೇರೆ ಆಹಾರದೊಡನೆ ಎರಡು ವರ್ಷವೋ ಅದಕ್ಕೂ ಮೀರಿಯೋ ಅದು ಮುಂದುವರಿಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲೂಡುವುದಕ್ಕೆ ಹಗಲು ರಾತ್ರಿಯೆಂಬುದಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಐವತ್ತಮೂರು ಗರ್ಭಾನ್ವಯ ಕ್ರಿಯೆಗಳಲ್ಲಿ ಅನ್ನಪ್ರಾಶನಕ್ಕೊಂದು ಸ್ಥಾನ, ಅಕ್ಷರಾಭ್ಯಾಸಕ್ಕೊಂದು ಸ್ಥಾನ, ಎಂಟನೆಯ ವರ್ಷದ ಉಪನೀತಿಗೆ ಇನ್ನೊಂದು ಸ್ಥಾನ ಇದೆ. ಮಗುವಿನ ವಯಸ್ಸನ್ನು ನೋಡಿ ಸಂಸ್ಕಾರ ಕೊಟ್ಟ ಪರಂಪರೆ ನಮ್ಮದು. ಎರಡು ವರ್ಷದ ಮಗು ರಾತ್ರಿ ಎದ್ದು ಹಾಲು ಕೇಳಿದರೆ ಕೊಡುತ್ತೇವೆ. ಆರು ವರ್ಷದವಳು ತಾನಾಗಿಯೇ “ನಾಳೆ ಕುಡಿಯುತ್ತೇನೆ” ಎನ್ನುವುದನ್ನು ಕಲಿತಿದ್ದಾಳೆ. ಜ್ವರ ಬಂದ ದಿನ ಅವಳಿಗೂ ಆ ಮಾತು ಇಲ್ಲ.

ಈ ಏರ್ಪಾಡಿನಿಂದ ನಾವು ಎಣಿಸದಿದ್ದ ಒಂದು ಫಲ ದೊರೆಯಿತು. ಆರೂವರೆಗೆ ನಮ್ಮ ಅಡುಗೆಮನೆಯ ದೀಪ ಆರುತ್ತದೆ. ಸೊಸೆ ಏಳೂವರೆಗೆ ಬಂದಾಗ ಆಕೆಗೆ ಒಲೆಯ ಕೆಲಸವಿಲ್ಲ, ಪಾತ್ರೆಯ ಕೆಲಸವಿಲ್ಲ. ಮಕ್ಕಳ ನಡುವೆ ಮಲಗಿ ಕಥೆ ಹೇಳುವುದೊಂದೇ ಕೆಲಸ. ಅಡಚಣೆಯೆಂದು ಕಂಡಿದ್ದ ನಿಯಮವೇ, ಭಾರವನ್ನು ಹಂಚಿಕೊಂಡಾಗ, ತಾಯಿಗೆ ಪ್ರತಿದಿನ ಎರಡು ಗಂಟೆಯ ಬಿಡುವನ್ನು ಕೊಟ್ಟಿತು. ಹೊತ್ತು ಮುಳುಗಿದ ಮೇಲೆ ಅಡುಗೆಮನೆಗೂ ವಿಶ್ರಾಂತಿ ಇರಲಿ ಎಂಬ ಉದ್ದೇಶ ಈ ಆಚಾರದೊಳಗೆ ಅಡಗಿತ್ತೇನೋ ಎಂದು ನನಗೆ ಈಗ ತೋರುತ್ತದೆ.

ಅತಿಭಾರದ ಮಾತು ಮನೆಯವರಿಗಷ್ಟೇ ಸಲ್ಲದು. ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಸಂಜೆ ಆರಕ್ಕೆ ಬರುತ್ತಿದ್ದಳು. ಆಕೆಗೂ ಮೂರು ವರ್ಷದ ಮಗುವಿದೆ. ಅಂಗನವಾಡಿ ಅಷ್ಟು ಹೊತ್ತಿನವರೆಗೆ ಇರುವುದಿಲ್ಲ, ಮಗು ನೆರೆಮನೆಯ ಹೊಸಿಲಲ್ಲಿ ಕಾಯುತ್ತಿತ್ತು. ಈಗ ಆಕೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾಳೆ. ಸಂಜೆಯ ನಾಲ್ಕು ಪಾತ್ರೆಗಳನ್ನು ಯಜಮಾನರು ತೊಳೆಯುತ್ತಾರೆ. ಸಂಬಳ ಕಡಿಮೆ ಮಾಡಿಲ್ಲ. ನನ್ನ ಮಂಡಿನೋವು ಹೆಚ್ಚಾದ ದಿನಗಳಲ್ಲಿ ಸಂಜೆಯ ಅಡುಗೆ ಒಂದೇ ಪಾತ್ರೆಯ ಹುಗ್ಗಿಗೆ ಇಳಿಯುತ್ತದೆ. ಮುದುಕರ ಮೇಲೆಯೂ ಅತಿಭಾರ ಸಲ್ಲದೆಂದು ಸೊಸೆಯೇ ಹೇಳಿದ್ದು.

ಮಕ್ಕಳೊಡನೆ ಇನ್ನೊಂದು ಬಗೆಯ ಎಚ್ಚರ ಬೇಕು. ಮೊಮ್ಮಗಳ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಕರೆ ಬಂದಿತ್ತು, ರಾತ್ರಿ ಏಳಕ್ಕೆ. ಉಣಿಸಿ ಕಳುಹಿಸಿದೆವು. ಆಟವಾಡಿ ಬಂದವಳು ಮಲಗುವಾಗ ಕೇಳಿದಳು: “ಅಜ್ಜಿ, ರಾತ್ರಿ ತಿನ್ನುವವರೆಲ್ಲ ಕೆಟ್ಟವರಾ?” ನಾನು ಹೇಳಿದೆ: “ಇಲ್ಲ ಮಗು. ಅವರ ಮನೆಯಲ್ಲಿ ನಿನ್ನನ್ನು ಎಷ್ಟು ಪ್ರೀತಿಯಿಂದ ನೋಡಿದರು! ನಮ್ಮ ನಿಯಮ ನಮ್ಮನ್ನು ತಿದ್ದಿಕೊಳ್ಳುವುದಕ್ಕೆ, ಬೇರೆಯವರನ್ನು ಅಳೆಯುವುದಕ್ಕಲ್ಲ.” ಸೂರ್ಯನಿರುವಾಗ ಉಂಡು, ಕತ್ತಲಾದ ಮೇಲೆ ನೆರೆಯವರನ್ನು ನಿಂದಿಸುವ ಅಭ್ಯಾಸ ಮಕ್ಕಳಿಗೆ ಬಂದರೆ ನಮ್ಮ ಆಚಾರ ಹೊಟ್ಟೆಯಲ್ಲಿ ಉಳಿಯಿತೇ ಹೊರತು ಹೃದಯಕ್ಕೆ ಇಳಿಯಲಿಲ್ಲ.

ಅಡುಗೆಯನ್ನು ಕೀಳೆಂದು ಬಗೆದ ಪರಂಪರೆ ನಮ್ಮದಲ್ಲ. ಹದಿನಾರನೆಯ ಶತಮಾನದಲ್ಲಿ ಸೂಪಶಾಸ್ತ್ರವನ್ನು ಕನ್ನಡ ಪದ್ಯದಲ್ಲಿ ಬರೆದ ಮೂರನೆಯ ಮಂಗರಸ ಜೈನ ಕವಿ. ರತ್ನಾಕರವರ್ಣಿಯ ಭರತೇಶವೈಭವದಲ್ಲಿ ಮುನಿಭುಕ್ತಿಗೊಂದು ಸಂಧಿಯಿದ್ದರೆ ರಾಜಭುಕ್ತಿಗೆ ಮತ್ತೊಂದು ಸಂಧಿಯಿದೆ. ಆರು ಖಂಡಗಳ ಒಡೆಯನ ಯೋಗವನ್ನು ವರ್ಣಿಸಿದ ಕವಿಗೆ ಆತ ಮನೆಮಂದಿಯೊಡನೆ ಕುಳಿತು ಉಣ್ಣುವುದೂ ವರ್ಣನೆಗೆ ಯೋಗ್ಯವೆನಿಸಿತು.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಎರಡು ಮೂರು ವಿನಂತಿಗಳು. ದಶಲಕ್ಷಣ ಪರ್ವ, ಮಹಾವೀರ ಜಯಂತಿ ಮೊದಲಾದ ಸಂದರ್ಭಗಳಲ್ಲಿ ಸಂಜೆಯ ಊಟ ಐದಕ್ಕೆಂದು ಪ್ರಕಟಿಸಿ, ಭಾಷಣಗಳು ಮುಗಿಯದೆ ಆರಕ್ಕೆ ಬಡಿಸುವುದುಂಟು. ಆಗ ಮಕ್ಕಳೂ ತಾಯಂದಿರೂ ಹಸಿದೇ ಮರಳುತ್ತಾರೆ. ಭಾಷಣವನ್ನು ಊಟದ ಬಳಿಕ ಇಟ್ಟುಕೊಳ್ಳಬಹುದು. ಹಾಲೂಡುವ ತಾಯಂದಿರಿಗೆ ಒಂದು ಮರೆಯ ಕೋಣೆ ಇರಲಿ. 50 ಮಂದಿ ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾನೂನು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕಾನೂನು ಕೇಳುವ ಮೊದಲೇ ನಮ್ಮ ಟ್ರಸ್ಟುಗಳು ಸಮುದಾಯ ಭವನದ ಒಂದು ಕೋಣೆಯನ್ನು ಹಗಲು ಹೊತ್ತು ಮಕ್ಕಳಿಗಾಗಿ ತೆರೆಯಬಹುದು. ಅಜ್ಜ ಅಜ್ಜಿಯರಿಲ್ಲದ ಮನೆಗಳು ನಗರದಲ್ಲಿ ಬಹಳ ಇವೆ. ಬಿಡುವಿರುವ ಅಜ್ಜ ಅಜ್ಜಿಯರೂ ಬಹಳ ಇದ್ದಾರೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲ ಎರಡು ಆ ಒಂದು ಕೋಣೆಯಲ್ಲಿಯೇ ಸಲ್ಲುತ್ತವೆ.

ಪ್ರತಿ ಮನೆಯ ಹಾಳೆ ಬೇರೆಯಾಗಿರುತ್ತದೆ. ನಮ್ಮ ಏರ್ಪಾಡು ಎಲ್ಲರಿಗೂ ಒಪ್ಪುವುದೆಂದು ನಾನು ಹೇಳಲಾರೆ. ಆದರೆ ಮನೆಯ ನಿಯಮ ನಿಷ್ಠೆಯಿಂದ ನಡೆಯುತ್ತಿದೆಯೆಂದು ಸಂತೋಷಪಡುವ ಹಿರಿಯರು, ಅದನ್ನು ನಡೆಸುತ್ತಿರುವ ಕೈಗಳು ಯಾರವು ಎಂಬುದನ್ನು ಒಮ್ಮೆ ಬರೆದು ನೋಡಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.