ಬೆರಳುಗಳ ಸರಳೆ

ವಿದ್ಯೆಯೆಲ್ಲವೂ ಅಭ್ಯಾಸಕ್ಕೆ ಅಧೀನವೆಂಬುದು ಹಿರಿಯರ ಮಾತು. ಪಾಶ್ಚಾತ್ಯರ ಗಿಟಾರ್ ವಾದ್ಯವೂ ಇದಕ್ಕೆ ಹೊರತಲ್ಲ.

ಆ ವಾದ್ಯದ ಆರು ತಂತಿಗಳಲ್ಲಿ ಮಂದ್ರದ ಮೂರು ಅಂಗುಷ್ಠದ ಪಾಲು. ಉಳಿದ ಮೂರರಲ್ಲಿ ತರ್ಜನಿ, ಮಧ್ಯಮಾ, ಅನಾಮಿಕಾ ಬೆರಳುಗಳಿಗೆ ಒಂದೊಂದು. ಕನಿಷ್ಠಿಕೆಗೆ ಸಾಮಾನ್ಯವಾಗಿ ಕೆಲಸವಿಲ್ಲ. ಅಂಗುಷ್ಠವು ಕೆಳಮುಖವಾಗಿಯೂ, ಇತರ ಬೆರಳುಗಳು ಅಂಗೈಯ ಕಡೆಗೂ ಚಲಿಸುವುದರಿಂದ, ಒಂದಕ್ಕೊಂದು ತಾಗದಂತೆ ಅಂಗುಷ್ಠವನ್ನು ತುಸು ಮುಂದೆ, ದಂಡಿಯ ಕಡೆಗೆ ಚಾಚಿರಬೇಕು. ಮಣಿಕಟ್ಟು ಬಿಗಿಯಾಗಿರಬಾರದು.

ಇಟಲಿಯ ಮಾವ್ರೋ ಜೂಲಿಯಾನಿಯು 1812ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಕಟಿಸಿದ ಅಭ್ಯಾಸಗ್ರಂಥದಲ್ಲಿ ಬಲಗೈಗೆಂದೇ 120 ಪಾಠಗಳಿವೆ. ಅಷ್ಟಕ್ಕೂ ಎಡಗೈ ಹಿಡಿಯುವ ಸ್ವರಮೇಳಗಳು ಎರಡೇ! ಎಡಗೈಗೆ ಚಿಂತೆಯಿಲ್ಲದಿದ್ದರೆ ಬಲಗೈಯ ತಪ್ಪು ಅಡಗಿಕೊಳ್ಳಲಾರದು. ಸರಳೆವರಸೆಯ ಸದ್ದು ಕೇಳಿದ ಮನೆಗಳಿಗೆ ಈ ಮರ್ಮ ಹೊಸತಲ್ಲ.

ಆದರೆ ಮೀಟುವುದು ಉಗುರಿನಿಂದಲೋ, ಬೆರಳ ತುದಿಯ ಮಾಂಸದಿಂದಲೋ? ಸ್ಪೇನ್ ದೇಶದ ಫೆರ್ನಾಂಡೋ ಸೋರ್ (1778–1839) ಉಗುರನ್ನು ಒಪ್ಪಲಿಲ್ಲ; ಅದೇ ದೇಶದ ದಿಯೊನಿಸಿಯೋ ಅಗ್ವಾದೋ (1784–1849) ಉಗುರನ್ನು ಬಿಡಲಿಲ್ಲ. ಪ್ಯಾರಿಸಿನಲ್ಲಿ ಸ್ನೇಹದಿಂದಿದ್ದ ಇವರು ವಾದಕ್ಕಾಗಿ ಮೈತ್ರಿಯನ್ನು ಕೆಡಿಸಿಕೊಳ್ಳಲಿಲ್ಲ. ತಾವಿಬ್ಬರೂ ಕೂಡಿ ನುಡಿಸಲೆಂದು ಸೋರನು ‘ಇಬ್ಬರು ಮಿತ್ರರು’ ಎಂಬರ್ಥದ ಹೆಸರಿಟ್ಟು ಯುಗಳಕೃತಿಯೊಂದನ್ನು ರಚಿಸಿದನು. ಮತಭೇದವು ಹಾಗೆಯೇ ಉಳಿಯಿತು, ನಾದ ಒಂದಾಯಿತು.

ಕಲಿಯುವವನು ಯಾರ ಮತವನ್ನು ಹಿಡಿದರೂ ಸರಿಯೆ, ನಿಧಾನವನ್ನು ಮಾತ್ರ ಬಿಡಬಾರದು. ಅವಸರಪಟ್ಟ ಬೆರಳು ತಪ್ಪನ್ನೇ ರೂಢಿಸಿಕೊಳ್ಳುತ್ತದೆ. ರೂಢಿಯಾದ ತಪ್ಪನ್ನು ಮರೆಯುವುದು ಹೊಸ ಪಾಠವನ್ನು ಕಲಿಯುವುದಕ್ಕಿಂತ ಕಷ್ಟ. ಅನಾಮಿಕೆಯು ಎಲ್ಲಕ್ಕಿಂತ ದುರ್ಬಲವಾದ ಬೆರಳು. ಸೋರನೂ ಅದನ್ನು ಮಿತವಾಗಿಯೇ ಬಳಸಿದನು. ಹೆಸರೇ ಇಲ್ಲದ ಆ ಬೆರಳಿನ ದನಿಯು ನೆರೆಯ ಬೆರಳುಗಳಿಗೆ ಸಮನಾಗಿ ಕೇಳಿಸಿದ ದಿನ ಮೊದಲ ಪಾಠವು ಮುಗಿಯಿತೆನ್ನಬಹುದು.